ಡೆನ್ವರ್‌ನ ಕೂರ್ಸ್ ಫೀಲ್ಡ್: ಟಿಕೆಟ್ ತಗೊಳ್ಳಿ, ಅಂಕಿಗಳನ್ನು ಮಾತ್ರ ಸೋಸಿ ನೋಡಿ

ಅಮೆರಿಕಕ್ಕೆ ಬಂದವರು ಒಂದೇ ಒಂದು ಬೇಸ್‌ಬಾಲ್ ಪಂದ್ಯ ನೋಡುವುದಾದರೆ ಎಲ್ಲಿ ನೋಡಬೇಕು ಅಂತ ಕೇಳಿದರೆ, ನಾನು ಯೋಚನೆ ಮಾಡದೆ ಹೇಳುವ ಹೆಸರು ಡೆನ್ವರ್‌ನ ಕೂರ್ಸ್ ಫೀಲ್ಡ್. ಇದು ಕೊಲರಾಡೊ ರಾಕೀಸ್ ತಂಡದ ತವರು ಮೈದಾನ. ತಂಡ ಗೆಲ್ಲುತ್ತದೆ ಅನ್ನುವ ಆಸೆ ಇಟ್ಟುಕೊಂಡು ಹೋಗಬೇಡಿ. 2025ರಲ್ಲಿ ರಾಕೀಸ್ 43 ಪಂದ್ಯ ಗೆದ್ದು 119 ಸೋತಿತು. ಆದರೂ ಟಿಕೆಟ್ ದುಡ್ಡು ದಂಡ ಅಂತ ನನಗೆ ಅನ್ನಿಸಿಲ್ಲ. ಇಲ್ಲಿ ನೋಡಬೇಕಾದ್ದು ಮೈದಾನವನ್ನೇ. ಒಬ್ಬ ಆಟಗಾರ ನಿವೃತ್ತನಾದ ಮೇಲೆ ಅವನ ಹೆಸರಿನ ಮುಂದೆ ಉಳಿಯುವ ಅಂಕಿಗಳಲ್ಲಿ ಅವನ ಕೈಚಳಕ ಎಷ್ಟು, ಅವನು ಆಡಿದ ಜಾಗ ಎಷ್ಟು ಅನ್ನುವುದು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ನನ್ನ ಪರಿಚಯ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಮೈಸೂರಿನಲ್ಲಿದ್ದಾಗ ಕ್ಲಬ್ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ. ಬ್ಯಾಟ್ ಹಿಡಿದರೆ ಎರಡಂಕಿ ದಾಟುತ್ತಿರಲಿಲ್ಲ, ಪೆನ್ಸಿಲ್ ಹಿಡಿದರೆ ಒಂದು ಲೆಗ್‌ಬೈ ತಪ್ಪುತ್ತಿರಲಿಲ್ಲ. ಈಗ ಡೆನ್ವರ್‌ನ ದಕ್ಷಿಣದ ಬಡಾವಣೆಯೊಂದರಲ್ಲಿ ಇದ್ದೇನೆ. ಬೇಸ್‌ಬಾಲಿಗೂ ಸ್ಕೋರ್ ಪುಸ್ತಕ ಹಿಡಿದುಕೊಂಡೇ ಹೋಗುತ್ತೇನೆ. ಹಾಗಾಗಿ ಈ ವಿಮರ್ಶೆಯಲ್ಲಿ ಲೆಕ್ಕ ಜಾಸ್ತಿ, ಕುಣಿತ ಕಡಿಮೆ. ಕಳೆದ ಬೇಸಿಗೆಯಲ್ಲಿ ಮಾವನವರು ಬಂದಿದ್ದರು. ಅವರು ಕೆಇಬಿಯಲ್ಲಿ ದುಡಿದು ನಿವೃತ್ತರಾದವರು. ಯಾವುದನ್ನೂ ಸುಮ್ನೆ ಒಪ್ಪಿಕೊಳ್ಳುವವರಲ್ಲ. ಅವರು ಕೇಳಿದ ಕೆಲವು ಪ್ರಶ್ನೆಗಳೇ ಇದನ್ನು ಬರೆಯಲು ಕಾರಣ.

ಮೊದಲು ಹೋಗುವ ದಾರಿ. ಕಾರಿನಲ್ಲಿ ಹೋಗಬೇಡಿ. ಪಂದ್ಯದ ದಿನ ಸುತ್ತಮುತ್ತಲ ಖಾಸಗಿ ಪಾರ್ಕಿಂಗ್ ಜಾಗಗಳಲ್ಲಿ ಒಂದು ಕಡೆ ನನ್ನಿಂದ ಕಿತ್ತ ದುಡ್ಡಿನಲ್ಲಿ ಇನ್ನೊಂದು ಟಿಕೆಟ್ ಬರುತ್ತಿತ್ತು. ದಕ್ಷಿಣದ ಕಡೆಯವರಾದರೆ ಇ ಲೈನ್ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿಯಿರಿ. ವಿಮಾನ ನಿಲ್ದಾಣದಿಂದ ಬರುವ ಎ ಲೈನ್ ಕೂಡ ಅಲ್ಲಿಗೇ ಬರುತ್ತದೆ. ಅಲ್ಲಿಂದ ಆರಾಮಾಗಿ ನಡೆದು ಹೋಗಬಹುದು. ಬ್ಲೇಕ್ ಸ್ಟ್ರೀಟ್ ಮತ್ತು 20ನೇ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಕೆಂಪು ಇಟ್ಟಿಗೆಯ ಕಟ್ಟಡ ಕಾಣುತ್ತದೆ. 1995ರಲ್ಲಿ ಶುರುವಾದ ಸ್ಟೇಡಿಯಂ ಇದು, ಆದರೆ ಹಳೆಯ ಗೋದಾಮುಗಳ ನಡುವೆ ಮೊದಲಿಂದಲೂ ಇದ್ದ ಹಾಗೆ ಕೂತಿದೆ.

ಸೀಟಿನ ವಿಷಯಕ್ಕೆ ಬರೋಣ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದಿನ ಸೀಟು ಚೆಂದ, ಬೆಲೆ ಚೆಂದವಲ್ಲ. ನನ್ನ ಆಯ್ಕೆ, ಬ್ಯಾಟರ್ ಮೊದಲು ಓಡಿ ಮುಟ್ಟಬೇಕಾದ ಫಸ್ಟ್ ಬೇಸ್ ಕಡೆಯ ಮೇಲಿನ ಅಂತಸ್ತು. ಅಲ್ಲಿ ಕೂತರೆ ಎದುರಿಗೆ ಪಶ್ಚಿಮದಲ್ಲಿ ರಾಕಿ ಪರ್ವತಗಳ ಸಾಲು. ಸೂರ್ಯ ಅವುಗಳ ಹಿಂದೆ ಇಳಿಯುವ ಹೊತ್ತಿಗೆ ಸಂಜೆ ಪಂದ್ಯ ಅರ್ಧ ಆಗಿರುತ್ತದೆ. ಮೇಲಿನ ಅಂತಸ್ತಿನ 20ನೇ ಸಾಲಿನ ಸೀಟುಗಳಿಗೆ ಮಾತ್ರ ನೇರಳೆ ಬಣ್ಣ. ಆ ಸಾಲು ಸಮುದ್ರ ಮಟ್ಟದಿಂದ ಸರಿಯಾಗಿ 5,280 ಅಡಿ, ಅಂದರೆ ಒಂದು ಮೈಲಿ ಎತ್ತರದಲ್ಲಿದೆ. ಎಲ್ಲರೂ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆದರೆ ಆ ಬಣ್ಣವನ್ನು ಅಲಂಕಾರ ಅಂದುಕೊಳ್ಳಬೇಡಿ. ಇಲ್ಲಿ ನಡೆಯುವ ಎಲ್ಲದಕ್ಕೂ ಆ ಎತ್ತರವೇ ಮೂಲ.

ಊಟದ ಬಗ್ಗೆ ಬೇಗ ಮುಗಿಸುತ್ತೇನೆ. ಹೊರಗಿನ ತಿಂಡಿಯನ್ನು ಒಳಗೆ ಬಿಡುತ್ತಾರೆ. ಇದು ದೊಡ್ಡ ಉಪಕಾರ. ನಾವು ಚಿತ್ರಾನ್ನ, ಕೋಡುಬಳೆ ಕಟ್ಟಿಕೊಂಡು ಹೋಗಿದ್ದೆವು. ಒಳಗಿನ ಅಂಗಡಿಗಳಲ್ಲಿ 'ರಾಕಿ ಮೌಂಟನ್ ಆಯ್‌ಸ್ಟರ್ಸ್' ಅಂತ ಬೋರ್ಡ್ ಕಂಡರೆ ಅದು ಸಮುದ್ರದ ಚಿಪ್ಪು ಅಂತ ಮೋಸ ಹೋಗಬೇಡಿ. ಅದು ಹೋರಿಯ ವೃಷಣದ ಫ್ರೈ. ಮಾವ "ಅದೇನಪ್ಪಾ, ರುಚಿ ನೋಡೋಣ" ಅಂದರು. ವಿಷಯ ತಿಳಿಸಿದ ಮೇಲೆ ಕೋಡುಬಳೆ ಡಬ್ಬಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಮೊದಲ ಪ್ರಶ್ನೆ ಬಂತು. "ಇಷ್ಟು ದೊಡ್ಡ ಬಯಲಿಗೆ ಹಿಂದೆ ಮೂರೇ ಜನಾನಾ?" ನಾನು ವರ್ಷಗಟ್ಟಲೆ ಓದಿ ತಿಳಿದದ್ದನ್ನು ಅವರು ಮೇಲಿಂದ ಒಮ್ಮೆ ನೋಡಿ ಹಿಡಿದುಬಿಟ್ಟರು. ಕೂರ್ಸ್ ಫೀಲ್ಡ್ ಅಂದರೆ ಎಲ್ಲರೂ ಹೋಮ್ ರನ್ ಅನ್ನುತ್ತಾರೆ, ಅಂದರೆ ನಮ್ಮ ಸಿಕ್ಸರ್ ಹಾಗೆ ಗೋಡೆ ದಾಟುವ ಹೊಡೆತ. ಅರ್ಧ ಕಥೆ ಮಾತ್ರ ಅದು. ಚೆಂಡು ಜಾಸ್ತಿ ದೂರ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ ಗೋಡೆಗಳನ್ನು ದೂರ ಕಟ್ಟಿದರು. ಎಡಗಡೆ 347 ಅಡಿ, ನಡುವೆ 415 ಅಡಿ, ಬಲಗಡೆ 350 ಅಡಿ. ಗೋಡೆ ದೂರ ಆದಷ್ಟೂ ಔಟ್‌ಫೀಲ್ಡ್ ದೊಡ್ಡದಾಗುತ್ತದೆ. ಕಾಯುವವರು ಮಾತ್ರ ಎಲ್ಲ ಮೈದಾನಗಳ ಹಾಗೆ ಮೂವರೇ. ಅವರು ಹಿಂದೆ ಸರಿದು ನಿಂತರೆ ಮುಂದೆ ಬಿದ್ದ ಚೆಂಡು ಸಿಂಗಲ್, ಅಂದರೆ ಬ್ಯಾಟರ್‌ಗೆ ಒಂದು ಬೇಸ್. ಮುಂದೆ ಬಂದರೆ ತಲೆ ಮೇಲೆ ಹೋದ ಚೆಂಡು ಡಬಲ್, ಇಲ್ಲವೇ ಟ್ರಿಪಲ್. ಇಂಥ ಹೊಡೆತಗಳಿಗೆಲ್ಲ ಹಿಟ್ ಅನ್ನುತ್ತಾರೆ. ಹಾಗಾಗಿ ಇಲ್ಲಿ ಹೋಮ್ ರನ್ ಜೊತೆಗೆ ಬ್ಯಾಟಿಂಗ್ ಸರಾಸರಿಯೂ ಏರುತ್ತದೆ. ಅದು ಕ್ರಿಕೆಟ್ ಸರಾಸರಿ ಅಲ್ಲ, ಬ್ಯಾಟ್ ಮಾಡಿದ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಅನ್ನುವ ಲೆಕ್ಕ. ನಾವು ನೋಡಿದ ದಿನ ನನ್ನ ಪುಸ್ತಕದಲ್ಲಿ ಹೋಮ್ ರನ್‌ಗಿಂತ ಡಬಲ್‌ಗಳ ಗೀಟೇ ತುಂಬಿತ್ತು.

ಇನ್ನು ಗಾಳಿ. ಇಲ್ಲಿ ಸಂಸಾರ ಮಾಡುವವರಿಗೆ ಎತ್ತರ ಅಂದರೆ ಏನು ಅಂತ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಡೆನ್ವರ್‌ನಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ಕುಕ್ಕರಿಗೆ ಒಂದು ವಿಶಲ್ ಜಾಸ್ತಿ ಬೇಕು. ಅದೇ ತೆಳು ಗಾಳಿ ಮೈದಾನದಲ್ಲಿ ಎರಡು ಕೆಲಸ ಮಾಡುತ್ತದೆ. ಹೊಡೆದ ಚೆಂಡನ್ನು ತಡೆಯುವ ಗಾಳಿ ಕಡಿಮೆ. ಸಮುದ್ರ ಮಟ್ಟದಲ್ಲಿ 400 ಅಡಿ ಹೋಗುವ ಚೆಂಡು ಇಲ್ಲಿ ಇನ್ನೂ 20 ಅಡಿಯಾದರೂ ಜಾಸ್ತಿ ಹೋಗುತ್ತದೆ. ಎರಡನೆಯದು, ಎಸೆದ ಚೆಂಡು ಬಾಗುವುದಕ್ಕೆ ಗಾಳಿಯ ಆಸರೆ ಬೇಕು. ಆ ಆಸರೆಯೇ ಕಡಿಮೆ. ಪಿಚರ್, ಅಂದರೆ ಇಲ್ಲಿನ ಬೌಲರ್, ಎಸೆದ ಕರ್ವ್‌ಬಾಲ್ (ಬಾಗಿ ಕೆಳಗಿಳಿಯುವ ಎಸೆತ) ಬೇರೆ ಊರಿನಲ್ಲಿ ಬೀಳುವಷ್ಟು ಇಲ್ಲಿ ಬೀಳುವುದಿಲ್ಲ. ಬ್ಯಾಟರ್ ಮುಂದೆ ತೇಲಿಕೊಂಡು ಬಂದು ನಿಲ್ಲುತ್ತದೆ.

ಮಾವನಿಗೆ ತುಂಬಾ ಇಷ್ಟವಾದದ್ದು ಹ್ಯೂಮಿಡರ್ ಕಥೆ. ಮೊದಲ ವರ್ಷಗಳಲ್ಲಿ ಇಲ್ಲಿ ರನ್ ಸುರಿಮಳೆಯಾಗುತ್ತಿತ್ತು. 1999ರಲ್ಲಿ ಈ ಒಂದೇ ಮೈದಾನದಲ್ಲಿ ಎರಡೂ ಕಡೆಯವರು ಸೇರಿ 303 ಹೋಮ್ ರನ್ ಹೊಡೆದರು. ಸ್ಟೇಡಿಯಂನಲ್ಲಿ ಕೆಲಸಕ್ಕಿದ್ದ ಒಬ್ಬ ಎಲೆಕ್ಟ್ರಿಷಿಯನ್‌ಗೆ ತನ್ನ ಬೇಟೆಯ ಚರ್ಮದ ಬೂಟು ಇಲ್ಲಿನ ಒಣ ಹವೆಗೆ ಬಿಗಿದುಕೊಂಡದ್ದು ಗಮನಕ್ಕೆ ಬಂತು. ಬೇಸ್‌ಬಾಲಿಗೆ ಹೊದಿಸುವುದೂ ಚರ್ಮವೇ ಅಲ್ವಾ? ಚೆಂಡು ಒಣಗಿ ಗಟ್ಟಿಯಾದರೆ ಬ್ಯಾಟಿನಿಂದ ಇನ್ನೂ ಜೋರಾಗಿ ಚಿಮ್ಮುತ್ತದೆ. ಆ ಯೋಚನೆಯಿಂದ 2002ರಲ್ಲಿ ಚೆಂಡುಗಳನ್ನು ಇಡಲು ತೇವಾಂಶ ಕಾಪಾಡುವ ಕೋಣೆ ಮಾಡಿದರು. ಅದೇ ಹ್ಯೂಮಿಡರ್. ರನ್ ಇಳಿಯಿತು. ನಿಂತು ಹೋಗಲಿಲ್ಲ, ಯಾಕೆಂದರೆ ಚೆಂಡನ್ನು ಮಾತ್ರ ಸರಿ ಮಾಡಬಹುದು, ಗಾಳಿಯನ್ನಲ್ಲ. 2022ರಿಂದ ಮೇಜರ್ ಲೀಗ್‌ನ ಎಲ್ಲ 30 ಮೈದಾನಗಳಲ್ಲೂ ಇಂಥ ಕೋಣೆ ಇದೆ. "ನೋಡಿದ್ಯಾ, ಇಂಜಿನಿಯರ್‌ಗಳಿಗೆ ಹೊಳೆಯದ್ದು ಲೈನ್‌ಮನ್‌ಗೆ ಹೊಳೀತು" ಅಂತ ಮಾವ ಹೆಮ್ಮೆಯಿಂದ ಹೇಳಿದರು. ಅವನು ಲೈನ್‌ಮನ್ ಅಲ್ಲ ಅಂತ ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಈಗ ಪುಸ್ತಕ ತೆರೆಯೋಣ. 1996ರ ರಾಕೀಸ್ ತಂಡ ಒಟ್ಟು 961 ರನ್ ಮಾಡಿತು. ಅದರಲ್ಲಿ ತವರಿನ 81 ಪಂದ್ಯಗಳಲ್ಲಿ 658, ಹೊರಗಿನ 81ರಲ್ಲಿ 303. ಅದೇ ಆಟಗಾರರು, ಅದೇ ಬ್ಯಾಟು, ಅದೇ ವರ್ಷ. ತವರಿನಲ್ಲಿ 55 ಗೆದ್ದವರು ಹೊರಗೆ ಗೆದ್ದದ್ದು 28. ನಾನು ಈ ಸಾಲನ್ನು ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡು ಎರಡನ್ನೂ ಕೂಡಿಸಿ ನೋಡಿದ್ದೆ.

ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಇನ್ನೂ ಮಜಾ. ಡಾಂಟೆ ಬಿಶೆಟ್ 1995ರಲ್ಲಿ 40 ಹೋಮ್ ರನ್ ಹೊಡೆದ. 31 ಇಲ್ಲಿ, 9 ಹೊರಗೆ. ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರನ ಮತದಾನದಲ್ಲಿ ಅವನಿಗೆ ಎರಡನೇ ಸ್ಥಾನ ಸಿಕ್ಕಿತು. ವಿನ್ನಿ ಕಾಸ್ಟಿಯಾ 1996 ಮತ್ತು 1997, ಎರಡೂ ವರ್ಷ ಒಂದೇ ಅಂಕಿ ಬರೆಸಿಕೊಂಡವನು: ಸರಾಸರಿ 0.304, ಹೋಮ್ ರನ್ 40, ಆರ್‌ಬಿಐ (ಅವನ ಹೊಡೆತದಿಂದ ಬಂದ ತಂಡದ ರನ್) 113. 1998ರಲ್ಲಿ 46 ಹೋಮ್ ರನ್. 2000ಕ್ಕೆ ಟ್ಯಾಂಪಾ ಬೇಗೆ ಹೋದ. ಸರಾಸರಿ 0.221, ಹೋಮ್ ರನ್ 6. ಆ ವರ್ಷ ಅವನು ಪೂರ್ತಿ ಆಡಲಿಲ್ಲ, 85 ಪಂದ್ಯ ಅಷ್ಟೇ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ವಯಸ್ಸಾಯಿತು ಅಂತ ಎಲ್ಲರೂ ಕೈಬಿಟ್ಟರು. 2004ರಲ್ಲಿ ವಾಪಸ್ ಡೆನ್ವರ್‌ಗೆ ಬಂದು 35 ಹೋಮ್ ರನ್, 131 ಆರ್‌ಬಿಐ ಮಾಡಿ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ಗೇ ಆರ್‌ಬಿಐನಲ್ಲಿ ಮೊದಲಿಗನಾದ. ಆಗ ಅವನಿಗೆ ನಾಲ್ಕು ವರ್ಷ ವಯಸ್ಸು ಇನ್ನೂ ಜಾಸ್ತಿ ಆಗಿತ್ತು!

ಇಷ್ಟು ಕೇಳಿದ ಮಾವ, "ಹಾಗಾದ್ರೆ ಇಲ್ಲಿ ಆಡಿದೋರೆಲ್ಲಾ ಬರೀ ಗಾಳೀಲೇ ದೊಡ್ಡೋರಾದ್ರು ಅನ್ನು" ಅಂದರು. ಅಮೆರಿಕದ ಪತ್ರಕರ್ತರಲ್ಲಿ ಬಹಳ ಮಂದಿ ಕೂಡ ಹಾಗೇ ಅಂದುಕೊಂಡಿದ್ದರು. ಅದರ ಪೆಟ್ಟು ಬಿದ್ದದ್ದು ಲ್ಯಾರಿ ವಾಕರ್‌ಗೆ.

ವಾಕರ್ ರಾಕೀಸ್ ಪರ ಆಡಿದ ಕೆನಡಾದವನು. ಕೂರ್ಸ್ ಫೀಲ್ಡ್‌ನಲ್ಲಿ ಅವನ ಸರಾಸರಿ 0.381. ಬೇಸ್‌ಬಾಲ್‌ನಲ್ಲಿ 0.300 ದಾಟಿದರೇ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ, ಇದು ಎಂಥ ಅಂಕಿ ಅಂತ ಊಹಿಸಿಕೊಳ್ಳಿ. 1999ರಲ್ಲಂತೂ ತವರಿನಲ್ಲಿ 0.461, ಹೊರಗೆ 0.286. ಇದನ್ನು ತೋರಿಸಿ ಅವನನ್ನು ಹಾಲ್ ಆಫ್ ಫೇಮ್‌ನಿಂದ ಹೊರಗಿಟ್ಟರು. ಅದು ಪತ್ರಕರ್ತರು ಮತ ಹಾಕಿ ನಿವೃತ್ತ ದಿಗ್ಗಜರನ್ನು ಸೇರಿಸುವ ಗೌರವ ಪಟ್ಟಿ. 2011ರಲ್ಲಿ ಮೊದಲ ಸಲ ಸಿಕ್ಕ ಮತ 20.3 ಪರ್ಸೆಂಟ್. ಬೇಕಿದ್ದದ್ದು 75. ಆದರೆ 1997ನ್ನು ತೆಗೆದು ನೋಡಿ. ಅವನು ಎಂವಿಪಿ ಆದ ವರ್ಷ. 49 ಹೋಮ್ ರನ್‌ಗಳಲ್ಲಿ 29 ಹೊರಗಿನ ಮೈದಾನಗಳಲ್ಲಿ ಬಂದವು, ತವರಿನಲ್ಲಿ 20 ಮಾತ್ರ. ಹೊರಗಿನ ಸರಾಸರಿಯೇ 0.346. ಅಷ್ಟೇ ಅಲ್ಲ, ಅವನು ಮೊದಲ ವರ್ಷಗಳನ್ನು ಮಾಂಟ್ರಿಯಲ್‌ನಲ್ಲಿ ಕಳೆದ, ಕೊನೆಯದನ್ನು ಸೇಂಟ್ ಲೂಯಿಸ್‌ನಲ್ಲಿ. ಇಡೀ ವೃತ್ತಿಯಲ್ಲಿ ಕೂರ್ಸ್ ಫೀಲ್ಡ್‌ನಲ್ಲಿ ಬ್ಯಾಟ್ ಹಿಡಿದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಲ. 38ನೇ ವಯಸ್ಸಿನಲ್ಲಿ, ಮೈಯೆಲ್ಲ ನೋವು ತುಂಬಿಕೊಂಡು, ಸೇಂಟ್ ಲೂಯಿಸ್ ಪರ 0.289 ಹೊಡೆದ. ಬಲಗಡೆಯ ಔಟ್‌ಫೀಲ್ಡ್‌ನಲ್ಲಿ ಆಡಿ, ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು 7 ಸಲ ಗೆದ್ದ. ಕ್ಯಾಚಿಗೂ ಎಸೆತಕ್ಕೂ ತೆಳು ಗಾಳಿ ಎಷ್ಟು ಅಂತ ನೆರವು ಕೊಡುತ್ತದೆ? ಕೊನೆಗೆ 2020ರಲ್ಲಿ, ಮತಪಟ್ಟಿಯಲ್ಲಿ ಇರಬಹುದಾದ ಹತ್ತನೇ ಮತ್ತು ಕೊನೆಯ ವರ್ಷದಲ್ಲಿ, 76.6 ಪರ್ಸೆಂಟ್ ಪಡೆದು ಒಳಗೆ ಹೋದ. ನನ್ನ ಪ್ರಕಾರ ಒಂಬತ್ತು ವರ್ಷ ತಡ. ಈಗ ಅವನ ಜೆರ್ಸಿಯ 33 ನಂಬರನ್ನು ಗೌರವಕ್ಕೆ ಸ್ಟೇಡಿಯಂನಲ್ಲಿ ಹಾಕಿದ್ದಾರೆ, ಹೋದಾಗ ಹುಡುಕಿ ನೋಡಿ.

ಅದರ ಜೊತೆಗೇ 17 ಇದೆ. ಅದು ಟಾಡ್ ಹೆಲ್ಟನ್. 17 ವರ್ಷವೂ ರಾಕೀಸ್‌ಗೇ ಆಡಿದವನು. ತವರಿನಲ್ಲಿ 0.345, ಹೊರಗೆ 0.287. ಹೋಮ್ ರನ್ ಇಲ್ಲಿ 227, ಹೊರಗೆ 142. ಇಲ್ಲೊಂದು ಸೂಕ್ಷ್ಮ ಇದೆ. ಹೊರಗಿನ 0.287 ಅನ್ನೇ ಅವನ ಅಸಲಿ ಬೆಲೆ ಅಂತ ತೆಗೆದುಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ಎಲ್ಲ ತಂಡದ ಆಟಗಾರರೂ ತವರಿನಲ್ಲಿ ಸ್ವಲ್ಪ ಚೆನ್ನಾಗಿ, ಹೊರಗೆ ಸ್ವಲ್ಪ ಕಮ್ಮಿಯೇ ಆಡುತ್ತಾರೆ. ರಾಕೀಸ್ ಆಟಗಾರರಿಗೆ ಇನ್ನೊಂದು ಕಷ್ಟ ಜಾಸ್ತಿ. ವಾರವಿಡೀ ಇಲ್ಲಿ ಬಾಗದ ಚೆಂಡನ್ನು ನೋಡಿ ಕಣ್ಣು ಒಗ್ಗಿಸಿಕೊಂಡು, ವಿಮಾನ ಹತ್ತಿ ಸ್ಯಾನ್ ಡಿಯಾಗೊಗೆ ಹೋದರೆ ಅಲ್ಲಿ ಅದೇ ಸ್ಲೈಡರ್ (ಪಕ್ಕಕ್ಕೆ ಬಾಗುವ ಎಸೆತ) ಬೇರೆ ರೀತಿ ಬೀಳುತ್ತದೆ. ಬ್ಯಾಟ್ ಒಂದು ಕಡೆ, ಚೆಂಡು ಒಂದು ಕಡೆ. ಇದನ್ನು ಇಲ್ಲಿಯವರು ಕೂರ್ಸ್ ಹ್ಯಾಂಗೋವರ್ ಅನ್ನುತ್ತಾರೆ. ಅಂದರೆ ಈ ಮೈದಾನ ತವರಿನಲ್ಲಿ ಒಂದು ಕೈಯಿಂದ ಕೊಟ್ಟದ್ದರಲ್ಲಿ ಒಂದಿಷ್ಟನ್ನು ಹೊರಗೆ ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಇದಕ್ಕೆ ನನಗೆ ಇಷ್ಟವಾದ ಸಾಕ್ಷಿ ಡಿಜೆ ಲೆಮೇಹಿಯು. 2016ರಲ್ಲಿ ರಾಕೀಸ್ ಪರ 0.348 ಹೊಡೆದು ಲೀಗ್‌ನಲ್ಲೇ ಮೊದಲಿಗನಾದಾಗ, ಅದೆಲ್ಲಾ ಡೆನ್ವರ್ ಗಾಳಿ ಅಂದವರು ಬಹಳ. ಅವನು ನ್ಯೂಯಾರ್ಕ್ ಯಾಂಕೀಸ್‌ಗೆ ಹೋಗಿ 2019ರಲ್ಲಿ 0.327, 2020ರಲ್ಲಿ 0.364 ಹೊಡೆದು ಇನ್ನೊಂದು ಭಾಗವಾದ ಅಮೆರಿಕನ್ ಲೀಗ್‌ನಲ್ಲೂ ಮೊದಲಿಗನಾದ. ಹೆಲ್ಟನ್ ಕೂಡ 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಬ್ಯಾಟರ್‌ಗಳ ಮಾತು ಸಾಕು. ಈ ಮೈದಾನದ ನಿಜವಾದ ಬಲಿಪಶುಗಳು ಪಿಚರ್‌ಗಳು. ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು-ಸೋಲನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ. ಡ್ಯಾರಿಲ್ ಕೈಲ್ 1997ರಲ್ಲಿ ಹ್ಯೂಸ್ಟನ್ ಪರ 19 ಗೆದ್ದು 7 ಸೋತ, ಇಆರ್‌ಎ 2.57. ಇಆರ್‌ಎ ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಪಿಚರ್ ಬಿಟ್ಟುಕೊಟ್ಟ ಸರಾಸರಿ ರನ್ (ಫೀಲ್ಡರ್‌ಗಳ ತಪ್ಪಿನಿಂದ ಬಂದವು ಲೆಕ್ಕಕ್ಕಿಲ್ಲ), ಕಡಿಮೆ ಇದ್ದಷ್ಟೂ ಒಳ್ಳೆಯದು. ಅವನ ಬಲವೇ ದೊಡ್ಡದಾಗಿ ಬೀಳುವ ಕರ್ವ್‌ಬಾಲ್. ಅಂಥವನನ್ನು ಡೆನ್ವರ್‌ಗೆ ಕರೆತಂದರು! 1998ರಲ್ಲಿ 5.20, 1999ರಲ್ಲಿ 6.61. ಮರು ವರ್ಷ ಸೇಂಟ್ ಲೂಯಿಸ್‌ಗೆ ಹೋದ. 20 ಗೆಲುವು, 9 ಸೋಲು, 3.91. ತೋಳು ಅದೇ, ಚೆಂಡು ಅದೇ. ಮೈಕ್ ಹ್ಯಾಂಪ್ಟನ್‌ಗೆ 8 ವರ್ಷಕ್ಕೆ 12.1 ಕೋಟಿ ಡಾಲರ್ ಒಪ್ಪಂದ ಕೊಟ್ಟರು. 2001ರಲ್ಲಿ 5.41, 2002ರಲ್ಲಿ 6.15. ತಮಾಷೆ ಏನೆಂದರೆ 2001ರಲ್ಲಿ ಅವನೇ ಬ್ಯಾಟ್ ಹಿಡಿದು 7 ಹೋಮ್ ರನ್ ಹೊಡೆದ. ಪಿಚರ್‌ಗೆ ಅದು ವಿಪರೀತ ಜಾಸ್ತಿ.

ಹಾಗಂತ ಇಲ್ಲಿ ಪಿಚರ್ ಗೆಲ್ಲುವುದೇ ಇಲ್ಲ ಅಂತಲ್ಲ. 1996ರ ಸೆಪ್ಟೆಂಬರ್ 17ರಂದು ಜಪಾನಿನ ಹಿಡೆಯೊ ನೋಮೊ, ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ, ಮಳೆಯಿಂದ ತಡವಾಗಿ ಶುರುವಾದ ಪಂದ್ಯದಲ್ಲಿ ಒಂದೇ ಒಂದು ಹಿಟ್ ಕೊಡದೆ ಒಂಬತ್ತು ಇನ್ನಿಂಗ್ಸ್ ಮುಗಿಸಿದ. 658 ರನ್ ಮಾಡಿದ ಅದೇ ತಂಡದ ಎದುರು, ಅದೇ ವರ್ಷ, ಹ್ಯೂಮಿಡರ್ ಬರುವ ಎಷ್ಟೋ ಮೊದಲು. ಈ ಮೈದಾನದ ಅತಿ ದೊಡ್ಡ ಸಾಧನೆ ಯಾವುದು ಅಂದರೆ ನಾನು ಯಾವ ಹೋಮ್ ರನ್ ಹೆಸರನ್ನೂ ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ. ಇಲ್ಲಿಯೇ ಹುಟ್ಟಿ ಬೆಳೆದ ಕೈಲ್ ಫ್ರೀಲ್ಯಾಂಡ್ ಕೂಡ 2018ರಲ್ಲಿ ತವರಿನಲ್ಲಿ 2.40 ಇಆರ್‌ಎ ಇಟ್ಟುಕೊಂಡಿದ್ದ.

ಮಾವನ ಮುಂದಿನ ಪ್ರಶ್ನೆ ಸ್ಕೋರರ್‌ಗೆ ಕೇಳಬೇಕಾದದ್ದೇ. "ಹಂಗಾದ್ರೆ ಯಾರು ದೊಡ್ಡೋರು ಅಂತ ಹೆಂಗೆ ಲೆಕ್ಕ ಹಾಕ್ತಾರೆ?" ಇದಕ್ಕೆ ಓಪಿಎಸ್ ಪ್ಲಸ್ ಅಂತ ಒಂದು ಅಂಕಿ ಇದೆ. ಬ್ಯಾಟರ್ ಎಷ್ಟು ಸಲ ಬೇಸ್ ಮುಟ್ಟುತ್ತಾನೆ, ಎಷ್ಟು ಜೋರಾಗಿ ಹೊಡೆಯುತ್ತಾನೆ, ಇವೆರಡನ್ನೂ ಕೂಡಿಸಿದರೆ ಓಪಿಎಸ್. ಅದನ್ನು ಆ ವರ್ಷದ ಲೀಗ್ ಸರಾಸರಿಗೂ ಆಟಗಾರನ ತವರು ಮೈದಾನಕ್ಕೂ ಹೊಂದಿಸಿ, ಸಾಧಾರಣ ಆಟಗಾರನಿಗೆ 100 ಬರುವ ಹಾಗೆ ಇಳಿಸುತ್ತಾರೆ. ಅರ್ಧ ಪಂದ್ಯಗಳು ಮಾತ್ರ ತವರಿನಲ್ಲಿ ನಡೆಯುವುದರಿಂದ ಮೈದಾನದ ಕಡಿತವನ್ನೂ ಅರ್ಧವೇ ಹಾಕಬೇಕು. 2000ದ ಲೆಕ್ಕ ನೋಡಿ. ಹೆಲ್ಟನ್ ಸರಾಸರಿ 0.372, ಓಪಿಎಸ್ 1.162. ಸ್ಯಾನ್ ಫ್ರಾನ್ಸಿಸ್ಕೊದ ಬ್ಯಾರಿ ಬಾಂಡ್ಸ್ ಓಪಿಎಸ್ 1.127. ಬರೀ ಅಂಕಿಯಲ್ಲಿ ಹೆಲ್ಟನ್ ಮುಂದೆ. ಓಪಿಎಸ್ ಪ್ಲಸ್‌ನಲ್ಲಿ ಬಾಂಡ್ಸ್ 188, ಹೆಲ್ಟನ್ 163. ಸಮುದ್ರದ ಪಕ್ಕದ ತಂಪು, ದಟ್ಟ ಗಾಳಿಯಲ್ಲಿ ಆಡಿದವನು ಮುಂದೆ ಬಂದ. ಆದರೆ 163 ಕೂಡ ಸುಮ್ನೆ ಅಲ್ಲ. ಗಾಳಿಯ ಪಾಲನ್ನು ಕಳೆದ ಮೇಲೂ ಉಳಿದದ್ದು ಅಷ್ಟು. ಹ್ಯಾಂಗೋವರ್ ಲೆಕ್ಕ ಮಾತ್ರ ಇದರಲ್ಲೂ ಬರುವುದಿಲ್ಲ, ಅದು ನನಗೆ ಸ್ವಲ್ಪ ಕಿರಿಕಿರಿ.

ಇದು ಡೆನ್ವರ್‌ನ ರೋಗ ಮಾತ್ರ ಅಲ್ಲ. ನ್ಯೂಯಾರ್ಕ್‌ನ ಹಳೆಯ ಪೋಲೊ ಗ್ರೌಂಡ್ಸ್‌ನಲ್ಲಿ ಬಲಗಡೆ ಗೋಡೆ ಬರೀ 258 ಅಡಿ ದೂರ. ಅಲ್ಲಿ ಆಡಿದ ಎಡಗೈ ಬ್ಯಾಟರ್ ಮೆಲ್ ಆಟ್ ಹೊಡೆದ 511 ಹೋಮ್ ರನ್‌ಗಳಲ್ಲಿ 323 ತವರಿನವು. ಅದೇ ಊರಿನ ಹಳೆಯ ಯಾಂಕೀ ಸ್ಟೇಡಿಯಂನಲ್ಲಿ ಎಡ-ನಡು ಗೋಡೆ 457 ಅಡಿ ಆಚೆ. ಬಲಗೈ ಬ್ಯಾಟರ್ ಜೋ ಡಿಮ್ಯಾಜಿಯೊ ತವರಿನಲ್ಲಿ 148, ಹೊರಗೆ 213 ಹೊಡೆದ. ಇಬ್ಬರ ಮೈದಾನಗಳ ನಡುವೆ ಇದ್ದದ್ದು ಒಂದು ನದಿ ಅಷ್ಟೇ.

ಮೈದಾನದ ಹಾಗೆ ತಂಡವೂ ಅಂಕಿ ಬರೆಯುತ್ತದೆ. ಆರ್‌ಬಿಐ ಬೇಕೆಂದರೆ ನಿಮ್ಮ ಮುಂದೆ ಯಾರಾದರೂ ಬೇಸ್ ಮೇಲೆ ನಿಂತಿರಬೇಕು. ಬಿಶೆಟ್‌ನ ಸುತ್ತ ವಾಕರ್, ಗಲರಾಗಾ, ಕಾಸ್ಟಿಯಾ ಇದ್ದರು. ಪಿಚರ್‌ಗಳ ಗೆಲುವು-ಸೋಲು ಇನ್ನೂ ಅನ್ಯಾಯ. 1987ರಲ್ಲಿ ನೋಲನ್ ರಯನ್ ಇಆರ್‌ಎಯಲ್ಲಿ ಲೀಗ್‌ಗೇ ಮೊದಲು, 2.76. ಸ್ಟ್ರೈಕ್‌ಔಟ್‌ನಲ್ಲೂ (ಪಿಚರ್ ತನ್ನ ಎಸೆತದಿಂದಲೇ ಔಟ್ ಮಾಡುವುದು) ಮೊದಲು, 270. ಅವನ ದಾಖಲೆ 8 ಗೆಲುವು, 16 ಸೋಲು! ಹ್ಯೂಸ್ಟನ್ ಅವನಿಗೆ ರನ್ ಮಾಡಿಕೊಡಲಿಲ್ಲ, ಅಷ್ಟೇ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ 1.70 ಇಆರ್‌ಎ ಇಟ್ಟುಕೊಂಡೂ 10 ಗೆದ್ದು 9 ಸೋತ. ಆ ಹೊತ್ತಿಗೆ ಮತ ಹಾಕುವವರಿಗೆ ಬುದ್ಧಿ ಬಂದಿತ್ತು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಕೊಟ್ಟರು. ಇದಕ್ಕೆ ತಿರುಗು ಉದಾಹರಣೆ 1972ರ ಸ್ಟೀವ್ ಕಾರ್ಲ್‌ಟನ್. ಫಿಲಡೆಲ್ಫಿಯಾ ತಂಡ ವರ್ಷವಿಡೀ ಗೆದ್ದದ್ದು 59, ಅದರಲ್ಲಿ 27 ಅವನೊಬ್ಬನದು. ಈಗಿನ ರಾಕೀಸ್ ಪಿಚರ್‌ಗಳ ಪಾಡು ನೋಡಿದರೆ ನನಗೆ ಪಾಪ ಅನ್ನಿಸುತ್ತದೆ. ಗಾಳಿಯೂ ಕೈಕೊಡುತ್ತದೆ, ತಂಡವೂ.

ನಮ್ಮವರಿಗೆ ಇದನ್ನು ಅರ್ಥ ಮಾಡಿಸಲು ಚಿನ್ನಸ್ವಾಮಿ ಸ್ಟೇಡಿಯಂ ಸಾಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಬೌಂಡರಿ ಹತ್ತಿರ. 2013ರಲ್ಲಿ ಕ್ರಿಸ್ ಗೇಲ್ 66 ಎಸೆತಕ್ಕೆ 175 ಹೊಡೆದದ್ದು ಅಲ್ಲಿ. 2024ರ ಏಪ್ರಿಲ್‌ನಲ್ಲಿ ಹೈದರಾಬಾದ್ 287 ಮಾಡಿ, ಆರ್‌ಸಿಬಿ 262 ಮಾಡಿಯೂ ಸೋತದ್ದು ಅಲ್ಲೇ. ಆರ್‌ಸಿಬಿ ಬೌಲರ್‌ಗಳ ಎಕಾನಮಿ ನೋಡಿ ಬೈಯುವವರು ಒಮ್ಮೆ ಈ ಲೆಕ್ಕ ಹಾಕಬೇಕು. ರಾಹುಲ್ ದ್ರಾವಿಡ್ ಟೆಸ್ಟ್ ಸರಾಸರಿ ಭಾರತದಲ್ಲಿಗಿಂತ ಹೊರದೇಶಗಳಲ್ಲಿ ಜಾಸ್ತಿ ಅನ್ನುವುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ವಾಕರ್‌ನ 1997 ನನಗೆ ಅದೇ ಜಾತಿಯ ಅಂಕಿಯಾಗಿ ಕಾಣುತ್ತದೆ. ಮೈದಾನಕ್ಕೆ ತಕ್ಕ ಕಡಿತ ಹಾಕಿದ ಸರಾಸರಿಯನ್ನು ನಮ್ಮ ಟಿವಿಯವರು ತೋರಿಸಿದ್ದನ್ನು ನಾನಂತೂ ಕಂಡಿಲ್ಲ. ತೋರಿಸಿದರೆ ಜಗಳ ಇನ್ನೂ ರುಚಿಯಾಗಿರುತ್ತದೆ.

ಸರಿ, ಟಿಕೆಟ್ ತಗೊಳ್ಳುವವರಿಗೆ ಕೊನೆಯ ಮಾತು. ಮೈದಾನಕ್ಕೆ ಐದಕ್ಕೆ ನಾಲ್ಕೂವರೆ. ತಂಡಕ್ಕೆ ಒಂದೂವರೆ, ಅದೂ ಆ ಅರ್ಧ ಹಳೆಯ ನೆನಪಿಗೆ. ಮಧ್ಯಾಹ್ನದ ಪಂದ್ಯಕ್ಕೆ ಟೋಪಿ, ಸನ್‌ಸ್ಕ್ರೀನ್ ಬೇಕೇ ಬೇಕು, ಈ ಎತ್ತರದ ಬಿಸಿಲು ಕೆಟ್ಟದ್ದು. ಸಂಜೆಯದಕ್ಕೆ ಜುಲೈನಲ್ಲೂ ಒಂದು ಸ್ವೆಟರ್ ಇಟ್ಟುಕೊಳ್ಳಿ. ನೀರು ಜಾಸ್ತಿ ಕುಡಿಯಿರಿ, ಊರಿಂದ ಬಂದ ಹಿರಿಯರಿದ್ದರೆ ಮೇಲಿನ ಅಂತಸ್ತಿನ ಮೆಟ್ಟಿಲು ನಿಧಾನವಾಗಿ ಹತ್ತಿಸಿ. ಮಾವ ನಡುವೆ ಎರಡು ಕಡೆ ನಿಂತು "ವ್ಯೂ ನೋಡ್ತಿದೀನಿ" ಅಂದರು. ನಾನೂ ನೋಡಿದೆ. ಆರನೇ ಇನ್ನಿಂಗ್ಸ್‌ಗೆ 7-1 ಇದ್ದರೆ ಎದ್ದು ಹೋಗಬೇಡಿ, ಇಲ್ಲಿ ಆರು ರನ್ ದೊಡ್ಡ ಅಂತರವಲ್ಲ. 2-1ರಲ್ಲಿ ಮುಗಿಯುವ ಬಿಗಿ ಪಂದ್ಯವೇ ಬೇಕು ಅನ್ನುವವರು ಸಿಯಾಟಲ್‌ಗೆ ಹೋಗಿ, ಅಲ್ಲಿ ರನ್ ಬರುವುದೇ ಕಷ್ಟ.